ಸಂಸಾರದ ಕಾರಿಗೆ ಯಾವ ಎಂಜಿನ್ ಲೇಸು?

ಈಚೆಗೆ ಅಜ್ಜಂಪುರದ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು, “ಶಾಸ್ತ್ರಿಗಳೇ, ಬಳಸಿದ ಇಟಿಯೋಸ್ ಕಾರೊಂದನ್ನು ಕೊಳ್ಳಬೇಕೆಂದಿದ್ದೇವೆ. ಪೆಟ್ರೋಲಿನದು ಕೈಯಲ್ಲಿರುವ ಹಣಕ್ಕೆ ಬರುತ್ತದೆ; ಡೀಸೆಲಿನದಕ್ಕಾದರೆ ಮುಂದಿನ ಈರುಳ್ಳಿ ಬೆಳೆಯನ್ನು ನಂಬಿ ಸಾಲ ಮಾಡಬೇಕು. ಯಾವುದು ಲೇಸು?” ಎಂದು ಕೇಳಿದರು. ಯಂತ್ರವಿದ್ಯೆಯು ನಾವು ಮಠದಲ್ಲಿ ಕಲಿತ ಪಾಠವಲ್ಲ. ಆದರೂ ಕಡೂರು, ತರೀಕೆರೆ, ಅಜ್ಜಂಪುರಗಳ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಏಳುವುದರಿಂದ, ವಿಚಾರಿಸಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಇಟಿಯೋಸ್ ನಮ್ಮ ನಾಡಿನಲ್ಲಿಯೇ ತಯಾರಾದ ಕಾರು. ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ 2010ರ ಡಿಸೆಂಬರಿನಲ್ಲಿ ಪೆಟ್ರೋಲ್ ಎಂಜಿನ್ನಿನೊಡನೆ ಹೊರಬಂದಿತು; 2011ರಲ್ಲಿ ಡೀಸೆಲ್ ಎಂಜಿನ್ನೂ ಸೇರಿತು. ಐವರು ಕುಳಿತು, 595 ಲೀಟರಿನ ವಿಶಾಲವಾದ ಡಿಕ್ಕಿಯಲ್ಲಿ ಸಾಮಾನು ತುಂಬಬಹುದಾದ್ದರಿಂದ ಕುಟುಂಬಗಳಿಗೆ ಮೆಚ್ಚಿಕೆಯಾಯಿತು. 2020ರಲ್ಲಿ ಬಿ.ಎಸ್. 6 ಮಾಲಿನ್ಯ ನಿಯಮ ಜಾರಿಗೆ ಬಂದಾಗ ಇದರ ಮಾರಾಟ ನಿಂತಿತು. ಈಗ ದೊರೆಯುವುದು ಬಳಸಿದ ಕಾರು ಮಾತ್ರ.

ಪೆಟ್ರೋಲ್ ಎಂಜಿನ್ 1496 ಸಿ.ಸಿ.ಯದು, 90 ಅಶ್ವಶಕ್ತಿ, 132 ನ್ಯೂಟನ್ ಮೀಟರ್ ಟಾರ್ಕ್. ಡೀಸೆಲಿನದು 1364 ಸಿ.ಸಿ.; 68 ಅಶ್ವಶಕ್ತಿ, 170 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ಎಂದರೆ ತಿರುಗಿಸುವ ಬಲ. ಕುದುರೆಯ ಓಟ ಬೇರೆ, ಭಾರದ ಗಾಡಿಗೆ ಹೆಗಲು ಕೊಡುವ ಎತ್ತಿನ ಬಲ ಬೇರೆ. ಅಮೃತಮಹಲ್ ರಾಸುಗಳ ಊರಾದ ಅಜ್ಜಂಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ತಗುಲಬೇಕು. ಡೀಸೆಲ್ ಎಂಜಿನ್ನಿನಲ್ಲಿಯಾದರೋ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಈ ಹೆಚ್ಚಿನ ಒತ್ತಡದಿಂದಾಗಿ ಇಂಧನ ಉಳಿಯುತ್ತದೆ. ಟರ್ಬೊ ಎಂಬ ಭಾಗವು ಗಾಳಿಯನ್ನು ಒತ್ತಿ ತುಂಬುವುದರಿಂದ ಕೆಮ್ಮಣ್ಣುಗುಂಡಿಯ ಏರಿನಲ್ಲಿ ಕಾರು ಸಲೀಸಾಗಿ ಹತ್ತುತ್ತದೆ. ಆದರೆ ಟರ್ಬೊ, ಇಂಜೆಕ್ಟರ್‌ಗಳು ಕೆಟ್ಟರೆ ದುರಸ್ತಿಯ ವೆಚ್ಚವೂ ದೊಡ್ಡದು.

ಲೀಟರಿಗೆ ಪೆಟ್ರೋಲ್ ಕಾರು 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಓಡುತ್ತದೆಂದು ಹಿಡಿಯೋಣ. ವರ್ಷಕ್ಕೆ 24,000 ಕಿ.ಮೀ. ಓಡಿಸುವವರಿಗೆ ಡೀಸೆಲಿನಿಂದ 400 ಲೀಟರ್ ಉಳಿಯುತ್ತದೆ. ನಿತ್ಯ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಿಬರುವವರಿಗೆ ಅದು ಸರಿ. ಆದರೆ ನಮ್ಮಲ್ಲಿಗೆ ಬಂದವರ ಓಡಾಟವು ತರೀಕೆರೆ, ಕಡೂರಿನ ನೆಂಟರ ಮನೆ, ಅಪರೂಪಕ್ಕೆ ಬೆಂಗಳೂರು. ಎಲ್ಲ ಕೂಡಿಸಿದರೂ 6,000 ಕಿ.ಮೀ. ಅವರಿಗೆ ಉಳಿಯುವುದು 100 ಲೀಟರ್ ಮಾತ್ರ. ಅಷ್ಟಕ್ಕಾಗಿ, ಇನ್ನೂ ಬಿತ್ತದ ಬೆಳೆಯ ಮೇಲೆ ಸಾಲವೇಕೆ? ಮಳೆ ಕೈಕೊಟ್ಟರೂ, ಈರುಳ್ಳಿಯ ಬೆಲೆ ಬಿದ್ದರೂ ಕಂತು ತಪ್ಪುವುದಿಲ್ಲ. ಪೆಟ್ರೋಲಿನದನ್ನೇ ಕೊಳ್ಳಿರೆಂದು ಹೇಳಿದೆವು.

ಇನ್ನೆರಡು ಮಾತು. ಇಟಿಯೋಸ್ ಕಾರುಗಳು ಬಾಡಿಗೆಗೂ ಬಹಳ ಓಡಿವೆ, ಆರ್.ಸಿ. ಪುಸ್ತಕ, ಸರ್ವೀಸಿನ ದಾಖಲೆಗಳನ್ನು ನಂಬಿಕೆಯ ಮೆಕ್ಯಾನಿಕ್ಕಿಗೆ ತೋರಿಸಿ, ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ ನೋಡಬೇಕು. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಕ್ಕೆ ನವೀಕರಿಸಬೇಕಾದ್ದರಿಂದ 2011ರ ಕಾರಿಗೆ ಆ ಅವಧಿ 2026ರಲ್ಲಿಯೇ ಬರುತ್ತದೆ. ಬೆಲೆ ಗೊತ್ತುಮಾಡುವಾಗ ಆ ಖರ್ಚನ್ನೂ ಎಣಿಸಬೇಕು. ಅಜ್ಜಂಪುರದವರು ಹಾಗೆಯೇ ನೋಡಿ ಕೊಂಡರು. ಸಾಲವಿಲ್ಲದ ಆ ಕಾರಿನಲ್ಲಿ ಮೊದಲು ಕುಳಿತವರು ಅವರ ವೃದ್ಧ ತಾಯಿ.