ಬಾಗಿಲಲ್ಲಿ ನಕ್ಷತ್ರ, ಒಳಗೆ ಒಬ್ಬರೇ!

ಹೊಸಪೇಟೆ: ಡಿಸೆಂಬರ್ ಬಂತೆಂದರೆ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಂಪಿ ಬಸ್ಸಿಗೆ ಶಾಲೆ ಮಕ್ಕಳ ನೂಕುನುಗ್ಗಲು. ಲಾಡ್ಜುಗಳು ಭರ್ತಿ. ಅಂಗಡಿ ಮುಂದೆ ಕಾಗದದ ನಕ್ಷತ್ರ ತೂಗುತ್ತಿರುತ್ತವೆ, ಬೇಕರಿಯಲ್ಲಿ ಕೇಕಿನ ಭರಾಟೆ. ಇಷ್ಟೆಲ್ಲ ಗದ್ದಲದ ನಡುವೆ ಕ್ರಿಸ್‌ಮಸ್ ದಿನ ಒಬ್ಬರೇ ಕೂತು ಉಣ್ಣುವವರೂ ಇದ್ದಾರೆ ಅಂದರೆ ನಂಬುತ್ತೀರಾ? ನಂಬಲೇಬೇಕು.

ಯಾರಿವರು? ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾದಾಗ ದೂರದೂರಿನ ಜನ ಬಂದರು, ಕೆಲವರು ಇಲ್ಲೇ ನೆಲೆ ನಿಂತರು. ಅಂಥ ಎಷ್ಟೋ ಮನೆಗಳ ಮಕ್ಕಳು ಈಗ ಬೆಂಗಳೂರು, ದುಬೈ ಸೇರಿದ್ದಾರೆ. ಮನೆ ಕಾಯಲು ಅಜ್ಜಿಯೊಬ್ಬಳೇ.

ಸಂಡೂರು ತಾಲೂಕಿನ ತೋರಣಗಲ್ಲಿಗೆ ಹೋಗಿ ನೋಡಿ. ಉಕ್ಕಿನ ಕಾರ್ಖಾನೆಯ ಊದುಕುಲುಮೆಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲ, ಹಗಲೂ ರಾತ್ರಿ ಉರಿಯಲೇಬೇಕು. ಜಾರ್ಖಂಡ್, ಒಡಿಶಾದಿಂದ ದುಡಿಯಲು ಬಂದ ಕ್ರೈಸ್ತ ಹುಡುಗನಿಗೆ 24ರ ರಾತ್ರಿ ಪಾಳಿ ಬಿದ್ದರೆ ಅವನ ಹಬ್ಬ ಅಲ್ಲಿಗೇ ಮುಗಿಯಿತು. ಇತ್ತ ಕಂಪ್ಲಿ ಕಡೆ ಅದೇ ಹೊತ್ತಿಗೆ ಭತ್ತದ ಸುಗ್ಗಿ. ಗದ್ದೆ ಕೆಲಸ ಬಿಟ್ಟು ಯಾರು ಯಾರ ಮನೆಗೆ ಬಂದಾರು? 2021ರಲ್ಲಿ ಜಿಲ್ಲೆ ಒಡೆದು ಹೊಸಪೇಟೆ, ಹಂಪಿ ವಿಜಯನಗರದ ಪಾಲಾದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಒಂಟಿತನಕ್ಕೆ ಮಾತ್ರ ಯಾವ ಗಡಿಯೂ ಇಲ್ಲ!

ಹಬ್ಬದ ದಿನವೇ ಯಾಕೆ?

ಒಂಟಿತನ ದಿನಾ ಇದ್ದದ್ದೇ. ಆದರೆ ಹಬ್ಬದ ದಿನ ಅದು ಚುಚ್ಚುತ್ತದೆ. ಪಕ್ಕದ ಮನೆಯ ನಗು ಕೇಳಿಸುತ್ತದೆ, ತಟ್ಟೆ ಇಡುವಾಗ ಒಂದು ತಟ್ಟೆ ಕಡಿಮೆ ಎನ್ನುವುದು ಕಾಣುತ್ತದೆ. ಇದು ಬರೀ ಮನಸ್ಸಿನ ಚಪಲ ಅಂತ ತಳ್ಳಿಹಾಕುವಂತಿಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಕಾಟವಿದೆ, ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಿಗೆ ಅದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಲೆಕ್ಕ ಕೊಟ್ಟಿದೆ.

ಕಥೆಯೇ ಪರಸ್ಥಳದವರದು

ವಿಚಿತ್ರ ನೋಡಿ, ಕ್ರಿಸ್‌ಮಸ್ಸಿನ ಮೂಲ ಕಥೆಯೇ ಇಂಥವರದು. ಲೂಕನ ಸುವಾರ್ತೆಯ ಪ್ರಕಾರ ಖಾನೇಸುಮಾರಿಗೆ ಹೆಸರು ಬರೆಸಲು ದಿನ ತುಂಬಿದ ಬಸುರಿಯೊಬ್ಬಳು ಗಂಡನಾಗುವವನ ಜತೆ ಪರಊರಿಗೆ ಬರುತ್ತಾಳೆ. ಛತ್ರದಲ್ಲಿ ಜಾಗವಿಲ್ಲ. ಕೂಸನ್ನು ದನದ ಗೋದಲಿಯಲ್ಲಿ ಮಲಗಿಸುತ್ತಾರೆ. ಶುಭವಾರ್ತೆ ಮೊದಲು ತಲುಪಿದ್ದು ಯಾರಿಗೆ? ರಾಜನಿಗಲ್ಲ, ಹೊಲದಲ್ಲಿ ಕುರಿ ತರುಬಿ ರಾತ್ರಿಯೆಲ್ಲ ಎದ್ದಿದ್ದ ಕುರುಬರಿಗೆ. ಅಂದರೆ ರಾತ್ರಿ ಪಾಳಿಯವರಿಗೆ! ಇಮ್ಮಾನುವೇಲ್ ಎಂಬ ಹೆಸರಿಗೆ 'ದೇವರು ನಮ್ಮೊಂದಿಗೆ' ಎಂದೇ ಅರ್ಥ.

ಈ ಕಥೆ ಕನ್ನಡಕ್ಕೆ ಬಂದದ್ದೂ ಮನೆ ಬಿಟ್ಟು ಬಂದವನಿಂದಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಸತ್ಯವೇದದ ಅನುವಾದಕ್ಕೆ ಕೈಹಾಕಿದ.

ಅತ್ತರೆ ತಪ್ಪೇನಿಲ್ಲ

ಹಾಗಾದರೆ ನಂಬಿದವರಿಗೆ ದುಃಖವೇ ಇಲ್ಲವೇ? ಹಾಗೇನಿಲ್ಲ. 'ದೇವರಿದ್ದಾನೆ, ಅಳಬ್ಯಾಡ' ಅಂತ ಹೇಳಿ ಎದ್ದು ಹೋಗುವುದು ಸುಲಭ. ಆದರೆ ಸತ್ಯವೇದದ ಕೀರ್ತನೆಗಳಲ್ಲಿ ಎಷ್ಟೋ ಗೋಳಾಟಗಳೇ. ದೇವರ ಮುಂದೆ ಅಳುವುದೂ ಪ್ರಾರ್ಥನೆಯೇ. ಸತ್ತವರ ಫೋಟೋ ಮುಂದೆ ಮೇಣದಬತ್ತಿ ಹಚ್ಚಿ, ಹೆಸರು ಹಿಡಿದು ನೆನೆದು, ಆಮೇಲೆ ಸೀರೆ ಬದಲಿಸಿ ಚರ್ಚಿಗೆ ಹೊರಡುವುದರಲ್ಲಿ ದೊಡ್ಡ ಗಟ್ಟಿತನವಿದೆ.

ಚರ್ಚುಗಳಲ್ಲಿ ಇದಕ್ಕೆ ಹಳೆಯ ದಾರಿಗಳಿವೆ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ, ಅಂದರೆ ಕಾಯುವ ಕಾಲ. ಕಾಯುವುದು ಒಂಟಿಯಾದವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಕ್ಯಾರಲ್ ತಂಡ ಹಾಡುತ್ತಾ ಮನೆಮನೆಗೆ ಬರುತ್ತದೆ. ಹಾಸಿಗೆ ಹಿಡಿದವರಿದ್ದಲ್ಲಿಗೇ ಪರಮಪ್ರಸಾದ ಒಯ್ಯುವ ಪದ್ಧತಿಯೂ ಇದೆ. ಆದರೆ ಐದು ನಿಮಿಷ ಹಾಡಿ ಮುಂದಿನ ಮನೆಗೆ ಓಡಿದರೆ ಏನು ಬಂತು? ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕೂತರೆ ಅದೇ ಹಬ್ಬ.

ಒಂಟಿಯಾಗಿರುವವರಿಗೂ ಒಂದು ಮಾತು. ಕರೆಯಲಿ ಅಂತ ಕಾದು ಕೂರುವ ಬದಲು ತಾವೇ ಒಬ್ಬರನ್ನು ಕರೆಯಬಹುದಲ್ಲ? ಅಜ್ಜಿಯ ಮನೆಯ ಅನ್ನ ಸಾರಿಗೆ ರಾತ್ರಿ ಪಾಳಿ ಮುಗಿಸಿದ ಪರಊರ ಹುಡುಗ ಬಂದರೆ ಇಬ್ಬರ ಹಬ್ಬವೂ ನೆಟ್ಟಗಾಗುತ್ತದೆ. ಭಾಷೆ ಬಾರದಿದ್ದರೆ ಚಿಂತಿಲ್ಲ, ಊಟಕ್ಕೆ ಭಾಷೆ ಬೇಡ.

ಉಳಿದವರೇನು ಮಾಡಬೇಕು? ಮೊಹರಂಗೆ ಹಿಂದೂಗಳೂ ಹರಕೆ ಹೊರುವ ಸೀಮೆ ಇದು. ದಿನಾ ಸಾಮಾನಿಗೆ ಬರುವ ಅಮ್ಮ ನಾಲ್ಕು ದಿನ ಬರಲಿಲ್ಲವೆಂದರೆ ಅದು ಮೊದಲು ಗೊತ್ತಾಗುವುದು ಅಂಗಡಿಯವರಿಗೇ. 'ಯಾಕಮ್ಮಾ, ಆರಾಮ ಇದೀರಾ?' ಅಂತ ಕೇಳಲು ಜಾತಿ ಮತ ಅಡ್ಡ ಬರುವುದಿಲ್ಲ. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ 14416, ವಯಸ್ಸಾದವರ ನೆರವಿಗೆ 14567. ಎರಡಕ್ಕೂ ಕಾಸು ಖರ್ಚಿಲ್ಲ.

ಕೊನೆಗೊಂದು ಗುಟ್ಟು. ಎಲ್ಲಕ್ಕಿಂತ ಭಾರವಾದ ದಿನ 25 ಅಲ್ಲ, 26. ನೆಂಟರು ಹೊರಟು, ಹಾಡು ನಿಂತು, ಮನೆ ಬಣಗುಡುವ ದಿನ. ಬಾಗಿಲು ತಟ್ಟುವವರು ಅಂದು ತಟ್ಟಲಿ.