ಶಿವನಿಗೆ ಏರುವ ದತ್ತೂರಿ ಹೊಟ್ಟೆಗೆ ಇಳಿಯಬಾರದು

ಕಾರವಾರ, ಅಂಕೋಲೆಯ ಕಡೆ ರಸ್ತೆಯಂಚಿನಲ್ಲಿ, ಹಾಳುಬಿದ್ದ ಹಿತ್ತಲಲ್ಲಿ ದತ್ತೂರಿ ತಾನಾಗಿಯೇ ಬೆಳೆಯುತ್ತದೆ. ಅದರ ಹೂ, ಕಾಯಿ ಶಿವನಿಗೆ ಪ್ರಿಯ. ಮೆಕ್ಸಿಕೋದ ಅಜ್ಟೆಕ್ ಜನರಿಗೂ ಇದೇ ಕುಲದ ಗಿಡ ಪವಿತ್ರವಾಗಿತ್ತು. 1552ರಲ್ಲಿ ಅಲ್ಲಿ ಬರೆದ ಗಿಡಮೂಲಿಕೆ ಗ್ರಂಥದಲ್ಲಿ ಅದು ನೋವಿನ ಮದ್ದು. ಅದನ್ನು ಬಲ್ಲ ವೈದ್ಯರು ಅದರ ವಿಷವನ್ನೂ ಬಲ್ಲವರಾಗಿದ್ದರು. ಆ ಅರಿವು ಕಳೆದು ಎಲೆಯಷ್ಟೇ ಕೈಯಲ್ಲಿ ಉಳಿದಾಗ ಅಪಾಯ.

ನಂಬಿಕೆ: ದೇವರಿಗೆ ಏರಿಸುವ ಕಾಯಿ ಕೆಡುಕು ಮಾಡದು.
ಸತ್ಯ: ಬೇರಿನಿಂದ ಬೀಜದವರೆಗೆ ಇಡೀ ಗಿಡದಲ್ಲಿ ಅಟ್ರೋಪಿನ್, ಸ್ಕೋಪೋಲಮಿನ್‌ನಂಥ ವಿಷಗಳಿವೆ. ತಿಂದರೆ ಬಾಯಿ ಒಣಗುತ್ತದೆ, ಕಣ್ಣಪಾಪೆ ಹಿಗ್ಗುತ್ತದೆ, ಎದೆಬಡಿತ ಏರುತ್ತದೆ, ಮೂತ್ರ ಕಟ್ಟುತ್ತದೆ, ಭ್ರಮೆ ಹಿಡಿಯುತ್ತದೆ. ಪ್ರಾಣವೂ ಹೋಗಬಹುದು.

ನಂಬಿಕೆ: ನಾಯಿ ಕಚ್ಚಿದರೆ ದತ್ತೂರಿ ರಸ ಸಾಕು.
ಸತ್ಯ: ಯಾವ ರಸವೂ ರೇಬೀಸ್ ತಡೆಯದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರಾ ಅಪರೂಪ. ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ತಡಮಾಡದೆ ಅಂಕೋಲೆಯ ತಾಲೂಕು ಆಸ್ಪತ್ರೆಗೋ ಕಾರವಾರದ ಜಿಲ್ಲಾ ಆಸ್ಪತ್ರೆಗೋ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಹೇಳಿದ ದಿನಗಳಲ್ಲಿ ಉಳಿದ ಚುಚ್ಚುಮದ್ದುಗಳನ್ನೂ ತಪ್ಪಿಸಬಾರದು.

ನಂಬಿಕೆ: ದಮ್ಮಿಗೆ ಒಣ ಎಲೆಯ ಹೊಗೆ ಒಳ್ಳೆಯದು.
ಸತ್ಯ: ಇದು ಬರೀ ಮೂಢನಂಬಿಕೆಯಲ್ಲ. ಅಟ್ರೋಪಿನ್ ಉಸಿರುನಾಳವನ್ನು ಸಡಿಲಿಸುತ್ತದೆ. ಮದ್ರಾಸಿನಲ್ಲಿ ರೂಢಿಯಲ್ಲಿದ್ದ ಈ ಹೊಗೆಮದ್ದು 1802ರ ಹೊತ್ತಿಗೆ ಬ್ರಿಟನ್ನಿಗೂ ಹೋಯಿತು. ಆದರೆ ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆ. ಇಂದು ಎಳೆದಷ್ಟೇ ಹೊಗೆ ನಾಳೆ ಮುಳುವಾಗಬಹುದು. ಅಟ್ರೋಪಿನ್‌ನ ಬಳಗಕ್ಕೇ ಸೇರಿದ ಇಪ್ರಾಟ್ರೋಪಿಯಂ ಈಗ ಅಳತೆ ತಪ್ಪದ ಇನ್‌ಹೇಲರಿನಲ್ಲಿ ಸಿಗುತ್ತದೆ. ವೈದ್ಯರು ಹೇಳಿದಂತೆ ಅದನ್ನು ಬಳಸುವುದೇ ಕ್ಷೇಮ.

ನಂಬಿಕೆ: ಆಯುರ್ವೇದದಲ್ಲಿದೆಯಲ್ಲ, ಮನೆಯಲ್ಲೇ ಗಾಂವಟಿ ಮದ್ದು ಮಾಡಿಕೊಳ್ಳಬಹುದು.
ಸತ್ಯ: ಆಯುರ್ವೇದವೇ ದತ್ತೂರಿಯನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಶೋಧನೆ ಮಾಡದೆ ಅದನ್ನು ಔಷಧಕ್ಕೆ ಬಳಸುವಂತಿಲ್ಲ. 1945ರ ಔಷಧ ನಿಯಮಗಳ ಇ(1) ಪಟ್ಟಿಯಲ್ಲೂ ಅದು ವಿಷದ್ರವ್ಯ. ಅದು ಸೇರಿದ ಔಷಧವನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು.

ನಂಬಿಕೆ: ದತ್ತೂರಿ ತಿಂದು ಅಮಲೇರಿದವರಿಗೆ ಲಿಂಬೆರಸ ಕುಡಿಸಿದರೆ ಇಳಿಯುತ್ತದೆ.
ಸತ್ಯ: ಎಚ್ಚರ ತಪ್ಪಿದವರಿಗೆ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಒತ್ತಾಯದಿಂದ ವಾಂತಿಯನ್ನೂ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ. ತಿಂದ ಗಿಡದ ತುಂಡನ್ನು ಆಸ್ಪತ್ರೆಗೆ ಒಯ್ಯಿರಿ, ವೈದ್ಯರಿಗೆ ಗುರುತು ಸಿಗುತ್ತದೆ.

ಹಾಲಕ್ಕಿ ಒಕ್ಕಲಿಗರೂ ಸೇರಿದಂತೆ ಈ ಸೀಮೆಯ ನಾಟಿ ವೈದ್ಯರ ಗಿಡಮೂಲಿಕೆಯ ತಿಳಿವಳಿಕೆ ದೊಡ್ಡದು. ಯಾವ ಗಿಡವನ್ನು ಮುಟ್ಟಬಾರದು ಎಂಬುದೂ ಅದರ ಭಾಗವೇ. ಮಕ್ಕಳಿಗೆ ಆ ಮುಳ್ಳುಕಾಯಿಯನ್ನು ತೋರಿಸಿ, ಇದು ಪೂಜೆಗೆ ಮಾತ್ರ, ಬಾಯಿಗಲ್ಲ ಎಂದು ಈಗಲೇ ಹೇಳಿಕೊಡಿ.