ಊರು ಬಿಟ್ಟು ಬಂದ ತಾಯಿಗೆ ಗೆಳತಿಯರಾರು?

ಕರಾವಳಿಯ ನಮ್ಮ ಕ್ರೈಸ್ತ ಬಾಂಧವರ ಮನೆಗಳ ಬಾಗಿಲಿಗೆ ಬೀಗ ಬಿದ್ದಿರುವುದು ಈಗ ಅಪರೂಪದ ನೋಟವಲ್ಲ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದಾರೆ. ತಂದೆತಾಯಿಯರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರನ್ನು ತಮ್ಮಲ್ಲಿಗೆ ಕರೆದೊಯ್ಯುತ್ತಾರೆ. ಪ್ರೀತಿಯಿಂದಲೇ ಮಾಡುವ ಕಾರ್ಯವಿದು, ಎರಡು ಮಾತಿಲ್ಲ. ಆದರೆ ಕರೆತಂದ ಮೇಲೆ ಅವರ ದಿನಗಳು ಹೇಗೆ ಕಳೆಯುತ್ತವೆ ಎಂದು ನಾವು ಯೋಚಿಸುವುದು ಬಹಳ ತಡವಾಗಿ. ಅನ್ಯರನ್ನು ದೂರುವುದಕ್ಕಿಂತ ನಮ್ಮ ಮನೆಯ ಸಂಗತಿಯನ್ನೇ ಓದುಗರ ಮುಂದಿಡುತ್ತೇವೆ.

2022ರಲ್ಲಿ, ತಂದೆಯವರ ವರ್ಷದ ಪೂಜೆ ಮುಗಿದ ಬಳಿಕ, ತಾಯಿಯವರನ್ನು ಉಡುಪಿ ಜಿಲ್ಲೆಯ ಶಂಕರಪುರದಿಂದ ಬೆಂಗಳೂರಿನ ನಮ್ಮ ನಾಲ್ಕನೆಯ ಅಂತಸ್ತಿನ ಮನೆಗೆ ಕರೆತಂದೆವು. ಶಂಕರಪುರವೆಂದರೆ ಮಲ್ಲಿಗೆಯ ಊರು. ಮುಂಜಾನೆ ಮೊಗ್ಗು ಕೊಯ್ದು, ನೀರಿನಲ್ಲಿ ನೆನೆಸಿದ ಬಾಳೆನಾರಿನಿಂದ ಅದನ್ನು ಕಟ್ಟುವುದು ಅಲ್ಲಿನ ಹೆಂಗಸರ ನಿತ್ಯದ ಕಾಯಕ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಜಗಲಿಯಲ್ಲಿ ತಾಯಿಯವರೊಡನೆ ನೆರೆಮನೆಯ ಬಾಯಿಯೂ ಶೆಟ್ಟರ ಮನೆಯ ಅಕ್ಕನೂ ಕುಳಿತಿರುತ್ತಿದ್ದರು. ಒಂದು ಅಟ್ಟೆ ಮುಗಿಯುವಷ್ಟರಲ್ಲಿ ಯಾರ ಮನೆಯಲ್ಲಿ ರೋಸ್, ಯಾರ ಸೊಸೆ ಬಾಣಂತಿ, ಗುರ್ಕಾರರು ಏನೆಂದರು, ಎಲ್ಲವೂ ಮಾತಿಗೆ ಬಂದು ಹೋಗಿರುತ್ತಿತ್ತು. ಅವರಾರೂ ಗೆಳೆತನ ಮಾಡಲೆಂದು ಕುಳಿತವರಲ್ಲ. ಹೂ ಕಟ್ಟಲು ಕುಳಿತವರು.

ಬೆಂಗಳೂರಿನಲ್ಲಿ ನಾವು ಅವರಿಗೆ ಪ್ರತ್ಯೇಕ ಕೋಣೆ, ಟಿ.ವಿ., ಹೊಸ ಫೋನು ಎಲ್ಲವನ್ನೂ ಒದಗಿಸಿದೆವು. ಮೂರು ತಿಂಗಳಲ್ಲಿ ಅವರ ಮಾತು ಕಡಿಮೆಯಾಯಿತು. ಊಟ ಅರ್ಧಕ್ಕಿಳಿಯಿತು. ವೈದ್ಯರು ಪರೀಕ್ಷಿಸಿ ಕಾಯಿಲೆಯೇನೂ ಇಲ್ಲವೆಂದರು. ಒಂದು ಸಂಜೆ ಬಾಲ್ಕನಿಯಲ್ಲಿ ನಿಂತಿದ್ದವರು, "ಇಲ್ಲಿ ನನ್ನನ್ನು ಬಾಯಮ್ಮ ಎಂದು ಕರೆಯುವವರು ಒಬ್ಬರೂ ಇಲ್ಲವಲ್ಲ ಮಗಾ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಅವರಿಗೆ ಗೆಳತಿಯರನ್ನು ಹುಡುಕಿಕೊಡುವ ಪ್ರಯತ್ನವನ್ನು ನಾವು ಕೈಗೊಂಡದ್ದು ಆಗ. ಅದೇ ಕಟ್ಟಡದಲ್ಲಿದ್ದ ನಿವೃತ್ತ ಅಧ್ಯಾಪಕಿಯೊಬ್ಬರನ್ನು ಚಹಾಕ್ಕೆ ಕರೆದೆವು. ವಿದ್ಯಾವಂತರು, ಸಜ್ಜನರು, ನಮ್ಮ ತಾಯಿಯವರದೇ ಪ್ರಾಯ. ಇಬ್ಬರೂ ಒಂದು ಗಂಟೆ ಮರ್ಯಾದೆಯಿಂದ ಕುಳಿತು, ಬಿಸ್ಕತ್ತು ತಿಂದು, ಎದ್ದರು. ಅಷ್ಟೇ. ಭಾನುವಾರಗಳಂದು ಕಾರಿನಲ್ಲಿ ಇಂಗ್ಲಿಷ್ ಬಲಿಪೂಜೆಗೆ ಕರೆದೊಯ್ದು, ಮುಗಿದೊಡನೆ ಮನೆಗೆ ತರುತ್ತಿದ್ದೆವು. ಮಕ್ಕಳ ಅನುಕೂಲಕ್ಕಾಗಿ ಆರಿಸಿದ ಪೂಜೆ ಅದು. ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಕನ್ನಡ, ತಮಿಳು, ಕೆಲವೆಡೆ ಕೊಂಕಣಿಯಲ್ಲೂ ಪೂಜೆಗಳುಂಟು. ಹಿರಿಯರು ಕೂಡುವುದು ವಾರದ ದಿನಗಳ ಬೆಳಗಿನ ಪೂಜೆಯಲ್ಲಿ. ಆ ಹೊತ್ತಿಗೆ ನಾವಿನ್ನೂ ಹಾಸಿಗೆಯಲ್ಲೇ ಇರುವವರು!

ಅದನ್ನು ತಾಯಿಯವರೇ ಕಂಡುಕೊಂಡರು. ಬೆಳಗಿನ ಪೂಜೆಗೆ ತಾವೇ ನಡೆದು ಹೋಗತೊಡಗಿದರು. ಹಿಂದಿರುಗುವುದು ಮಾತ್ರ ಎಂಟರ ಮೇಲೆ. ವಿಷಯ ನಮಗೆ ತಿಳಿದದ್ದು ತಿಂಗಳು ಕಳೆದ ಬಳಿಕ, ಅದೂ ಕಾವಲುಗಾರನ ಬಾಯಿಂದ. ಇಗರ್ಜಿಯ ಗೇಟಿನ ಬಳಿ ಹೂ ಮಾರುವ ತಮಿಳು ಹೆಂಗಸಿನ ಪಕ್ಕದಲ್ಲಿ ಕುಳಿತು, ಆಕೆಯ ಬುಟ್ಟಿಯ ಹೂ ಕಟ್ಟಿಕೊಡುತ್ತಿದ್ದರಂತೆ! ತಾಯಿಯವರದು ತುಳು ಬೆರೆತ ಕನ್ನಡ, ಆಕೆಯದು ತಮಿಳು ಬೆರೆತ ಕನ್ನಡ. ಹೂವಿಗೆ ತುಳುವಿನಲ್ಲೂ 'ಪೂ', ತಮಿಳಿನಲ್ಲೂ 'ಪೂ'. ಆರಂಭಕ್ಕೆ ಅಷ್ಟು ಸಾಕಾಗಿತ್ತು.

ನಮಗೆ ಸಂತೋಷವಾಯಿತು ಎಂದು ಬರೆದರೆ ಸುಳ್ಳಾದೀತು. ಕಂಡವರು ಏನೆಂದಾರು ಎಂಬ ಅಳುಕೇ ಮೊದಲು ಬಂದದ್ದು. ಒಂದು ದಿನ ತಾಯಿಯವರು ಆಕೆಯನ್ನು ಮನೆಗೆ ಕರೆತಂದಾಗ, ನಾವು ಬಾಗಿಲಲ್ಲೇ ನಿಲ್ಲಿಸಿ ನೀರು ಕೊಟ್ಟು ಕಳುಹಿಸಿದೆವು. ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಮರುದಿನ ಪೂಜೆಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ನಾವೇ ಗೇಟಿನ ಬಳಿಗೆ ಹೋಗಿ ಆಕೆಯನ್ನು ಕಾಫಿಗೆ ಆಹ್ವಾನಿಸಿದೆವು. ಆಕೆ ತಲೆಯಾಡಿಸಿದಳು, ಬರಲು ಎರಡು ವಾರ ಹಿಡಿಯಿತು.

ಮಕ್ಕಳು ತಂದೆತಾಯಿಗೆ ಸ್ನೇಹಿತರನ್ನು ಹುಡುಕುವಾಗ ತಮ್ಮ ಅಂತಸ್ತಿಗೆ ಸರಿಹೊಂದುವವರನ್ನು ಹುಡುಕುತ್ತಾರೆ. ಹಿರಿಯರಿಗೆ ಬೇಕಾದದ್ದು ತಮ್ಮ ಕೈಗೆ ಪರಿಚಿತವಾದ ಒಂದು ಕೆಲಸ, ದಿನವೂ ಅದೇ ಹೊತ್ತು, ಅದೇ ಜಾಗ. 2021ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ದಿನವೆಂದು ಘೋಷಿಸಿದರು. ಆ ದಿನ ಶಾಲು ಹೊದಿಸಿ ಫೋಟೋ ತೆಗೆಸುವುದು ಸರಿಯೆ. ಆದರೆ ಪೀಠದ ಹೂಗಳನ್ನು ಜೋಡಿಸಲು, ಹಬ್ಬದ ಅಡುಗೆಗೆ ತೆಂಗಿನಕಾಯಿ ತುರಿಯಲು ಹೊಸದಾಗಿ ಬಂದ ಹಿರಿಯರನ್ನು ಕರೆದವರು ಎಷ್ಟು ಮಂದಿ? ಗಂಡಸರ ಪಾಡು ಇನ್ನೂ ಕಷ್ಟದ್ದು. ಇಡೀ ಜೀವಮಾನ ಕಚೇರಿಯಲ್ಲಿ ಕಳೆದವರಿಗೆ ಪತ್ರಿಕೆ ಓದಿ ಮುಗಿದ ಮೇಲೆ ದಿನವೇ ಮುಗಿದಂತೆ. ಅಂಥವರಿಗೆ ಲೆಕ್ಕ ಬರೆಯುವ ಕೆಲಸವೊಂದನ್ನು ಕೊಟ್ಟು ನೋಡಬೇಕು.

ಕೈಯಲ್ಲಿ ಸ್ವಲ್ಪ ಹಣವೂ ಇರಬೇಕು. ಗೆಳತಿಗೆ ಒಂದು ಲೋಟ ಕಾಫಿ ಕೊಡಿಸಲು ಮಗನ ಮುಂದೆ ಕೈಯೊಡ್ಡುವಂತಾಗಬಾರದು. 2023ರ ಜೂನ್ ತಿಂಗಳಲ್ಲಿ 'ಶಕ್ತಿ' ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೇಟಿನ ಹಣದ ಚಿಂತೆಯಿಲ್ಲ. ನಮ್ಮ ತಾಯಿಯವರು ಹೂವಿನ ಗೆಳತಿಯೊಡನೆ ಬಸ್ಸಿನಲ್ಲಿ ಕೆ.ಆರ್. ಮಾರುಕಟ್ಟೆಗೂ ಹೋಗಿಬಂದರು. ಆ ದಿನವೆಲ್ಲ ನಮಗೆ ಕಚೇರಿಯ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವರಂತೂ ಶಂಕರಪುರದ ಮಲ್ಲಿಗೆಯ ಮುಂದೆ ಅಲ್ಲಿನ ಮಲ್ಲಿಗೆ ಏನೂ ಅಲ್ಲವೆಂದು ತೀರ್ಪಿತ್ತು, ನಿರಾಳವಾಗಿ ಊಟಕ್ಕೆ ಕುಳಿತರು.

ಈಗ ಪ್ರತಿವರ್ಷ ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಅವರನ್ನು ಊರಿಗೆ ಕರೆದೊಯ್ಯುತ್ತೇವೆ. ಹಿಂದಿರುಗುವಾಗ ಒಣಗಿದ ಬಾಳೆನಾರಿನ ಎರಡು ಕಟ್ಟುಗಳು ನಮ್ಮೊಡನೆ ಬರುತ್ತವೆ: ಒಂದು ತಾಯಿಯವರಿಗೆ, ಇನ್ನೊಂದು ಗೆಳತಿಗೆ. ನೂಲಿನಲ್ಲಿ ಕಟ್ಟಿದರೆ ಬೇಗ ಆಗುತ್ತದೆಂದು ಆಕೆಯ ವಾದ. ನೂಲು ಹೂವಿನ ಕುತ್ತಿಗೆ ಹಿಸುಕುತ್ತದೆಂದು ತಾಯಿಯವರ ವಾದ. ಆ ಜಗಳ ಇನ್ನೂ ಇತ್ಯರ್ಥವಾಗಿಲ್ಲ.